ಮಾವನ ಕಂಪ್ಯೂಟರಿನ ತಾರೀಖು

ನನ್ನ ಸೋದರಮಾವ ಪುಟ್ಟಬಸವಯ್ಯನವರು ಟಿ. ನರಸೀಪುರದ ತಾಲ್ಲೂಕು ಕಚೇರಿಯ ಎದುರು ಪತ್ರ ಬರೆಯುವ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಕರಾರು, ಅಫಿಡವಿಟ್ಟು, ಅರ್ಜಿ, ಏನು ಬೇಕಾದರೂ ಬರೆದುಕೊಡುತ್ತಾರೆ. ನಂಜನಗೂಡಿನ ನಮ್ಮ ಬೀದಿಯೊಂದರಲ್ಲೇ ಮೂರು ಸೈಬರ್ ಸೆಂಟರ್ ಇವೆ. ಆದರೂ ಆನ್‌ಲೈನ್ ಅರ್ಜಿ ಹಾಕಬೇಕೆಂದರೆ ನಾನು ಬಸ್ಸು ಹತ್ತಿ ನರಸೀಪುರಕ್ಕೇ ಹೋಗಬೇಕು. ಇಲ್ಲದಿದ್ದರೆ, "ಒಡಹುಟ್ಟಿದೋನು ಕಂಪ್ಯೂಟ್ರು ಮಡೀಕೊಂಡು ಕೂತಿರುವಾಗ ಕಂಡೋರ ಅಂಗ್ಡಿಗೆ ಹೋದ್ಯಾ" ಎಂದು ನಮ್ಮವ್ವ ಎರಡು ದಿನ ಮುಖ ಊದಿಸಿಕೊಂಡಿರುತ್ತಾಳೆ. ನನ್ನ ಅಂಕಪಟ್ಟಿಗಳ ಸ್ಕ್ಯಾನ್‌ಗಳೆಲ್ಲ ಮಾವನ ಕಂಪ್ಯೂಟರಿನಲ್ಲೇ ಇವೆ. 'ಸರ್ವಮಂಗಳಾ ಕೆಲಸ' ಎಂಬ ಹೆಸರಿನಲ್ಲಿ ಒಂಬತ್ತು ವರ್ಷದಿಂದ ಭದ್ರವಾಗಿ ಕೂತಿವೆ.

ಆ ಒಂಬತ್ತು ವರ್ಷವೂ ನಾನು ಬಿಳಿಗೆರೆಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ನಮ್ಮ ಮನೆಗೆ ಬಂದ ಅತಿಥಿಯನ್ನು ಅವ್ವ ಮೂರನೇ ದಿನಕ್ಕೇ ಸೊಪ್ಪು ಬಿಡಿಸಲು ಕೂರಿಸಿ ಮನೆಯವಳನ್ನಾಗಿ ಮಾಡಿಕೊಳ್ಳುತ್ತಾಳೆ. ಸರ್ಕಾರಕ್ಕೆ ಅಷ್ಟು ಅವಸರವಿಲ್ಲ. ಕೊನೆಗೂ ಈ ಸಲ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಮುಂದಿನ ಸಲ ಕರೆಯುವ ಹೊತ್ತಿಗೆ ನನಗೆ ವಯಸ್ಸು ಮೀರಿರುತ್ತದೆ. ಅಂದರೆ ನನ್ನ ಪಾಲಿಗೆ ಇದೇ ಕೊನೆ. ಇದನ್ನು ಸೋಮವಾರದಿಂದ ಮಾವನಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು. ದಿನವೂ ಒಂದೇ ಉತ್ತರ: "ಸೈಟೇ ಸರಿಯಿಲ್ಲ ಕಣಮ್ಮಿ, ನಾಳೆ ಹಾಕ್ತೀನಿ." ಹಾಗೆ ನಾಳೆಗಳೆಲ್ಲ ಖರ್ಚಾಗಿ ಗುರುವಾರ ಬಂತು. ಅವತ್ತು ಸಂಜೆ ಐದಕ್ಕೆ ಕೊನೆ. ಅರ್ಧ ದಿನ ರಜೆ ಹಾಕಿ, ಮೂರೂವರೆಗೆ ನಾನೇ ಹೋಗಿ ಅಂಗಡಿಯಲ್ಲಿ ಕೂತೆ.

ಪರದೆಯ ಮೇಲೆ ಕೆಂಪು ತ್ರಿಕೋನ. ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ, ನಿಮ್ಮ ಮಾಹಿತಿಯನ್ನು ಯಾರಾದರೂ ಕದಿಯಬಹುದು ಎಂದು ಬರೆದಿತ್ತು. ನನ್ನ ಮಾಹಿತಿ ಕದ್ದು ಯಾರಿಗಾದರೂ ನನ್ನ ಅತಿಥಿ ಶಿಕ್ಷಕಿ ಕೆಲಸ ಸಿಕ್ಕರೆ ಸಿಗಲಿ, ಪಾಪ.

"ಇದೇನು ಮಾವ?"

"ಪ್ರತಿ ಸೈಟಿಗೂ ಒಂದು ಸರ್ಟಿಫಿಕೇಟ್ ಇರ್ತದೆ, ನಾನು ಅಸಲಿ ಅಂತ ತೋರ್ಸೋಕೆ. ಗಾಡಿ ಇನ್ಶೂರೆನ್ಸ್ ಥರ ಅದಕ್ಕೂ ವಾಯಿದೆ. ಇವ್ರದ್ದು ವಾಯಿದೆ ಮುಗ್ದೋಗದೆ, ರಿನೀವಲ್ ಮಾಡ್ಸಿಲ್ಲ. ಸರ್ಕಾರ್ದೋರು ನೋಡು, ಬೇಜವಾಬ್ದಾರಿ ಜನ."

"ಹಂಗೇ ಒಳಕ್ಕೆ ಹೋಗೋಕಾಗಲ್ವಾ?"

"ಕೆಲವಕ್ಕೆ ಕೆಳಗಡೆ ಮುಂದುವರಿಯಿರಿ ಅಂತ ಬತ್ತದೆ, ಒತ್ತಿ ಹೋಯ್ತಾ ಇರ್ತೀನಿ. ಇದಕ್ಕೆ ಅದೂ ಬರ್ತಿಲ್ಲ."

ಬ್ಯಾಂಕಿನದು ತೆಗೆಸಿದೆ. ಕೆಂಪು. ಕರೆಂಟ್ ಬಿಲ್ಲಿನದು ತೆಗೆಸಿದೆ. ಅದೂ ಕೆಂಪು. ರೈಲಿನದು, ಇಮೇಲಿನದು, ಎಲ್ಲದಕ್ಕೂ ಅದೇ ತ್ರಿಕೋನ. ಒಟ್ಟಿನಲ್ಲಿ ಆ ವಾರ ಇಡೀ ಪ್ರಪಂಚವೇ ರಿನೀವಲ್ ಮರೆತು ಮಲಗಿತ್ತು, ಎಚ್ಚರವಾಗಿದ್ದವರು ನಮ್ಮ ಮಾವ ಒಬ್ಬರೇ. ನನ್ನ ಫೋನಿನಲ್ಲಿ ಅದೇ ಸೈಟು ತೆಗೆದೆ. ಒಂದು ಮಾತೂ ಆಡದೆ ತೆರೆದುಕೊಂಡಿತು, ಆದರೆ ಅರ್ಜಿಗೆ ಬೇಕಾದ ಸ್ಕ್ಯಾನ್‌ಗಳೆಲ್ಲ ಇದ್ದದ್ದು ಕಂಪ್ಯೂಟರಿನಲ್ಲಿ. ತೋರಿಸಿದರೆ, "ಫೋನಿಗೆ ಏನು ತಿಳೀತದೆ, ಅದು ಎಲ್ಲದಕ್ಕೂ ಹೂಂ ಅಂತದೆ" ಅಂದರು.

ಆಮೇಲೆ ಪರದೆಯಲ್ಲಿದ್ದುದನ್ನು ನಾನೇ ಕೂತು ಪೂರ್ತಿ ಓದಿದೆ. ಮಾವ ಮೂರು ದಿನದಿಂದ ಮಾಡದೆ ಬಿಟ್ಟಿದ್ದ ಕೆಲಸ ಅದೊಂದೇ. ನಿಮ್ಮ ಗಡಿಯಾರ ಹಿಂದಿದೆ ಎಂದು ದಪ್ಪ ಅಕ್ಷರದಲ್ಲೇ ಇತ್ತು. ಪರದೆಯ ಮೂಲೆಯಲ್ಲಿ ತಾರೀಖು ನೋಡಿದೆ. ಸರಿಯಾಗಿ ಎರಡು ವರ್ಷ ಹಿಂದಿನದು. ಆ ದಿನಕ್ಕೆ ಈ ಸೈಟುಗಳ ಸರ್ಟಿಫಿಕೇಟು ಇನ್ನೂ ಹುಟ್ಟೇ ಇರಲಿಲ್ಲ.

"ಮಾವ, ಇದ್ಯಾಕೆ ಹಿಂಗದೆ?"

ಮಾವ ಕೆಮ್ಮಿದರು. ಬೆಂಚಿನ ಮೇಲೆ ಕೂತಿದ್ದ ಸೋಸಲೆಯ ಚಾಮಯ್ಯ ಎಂಬ ರೈತ ಟವೆಲ್ಲು ಸರಿಮಾಡಿಕೊಂಡ. ಅವನೂ ಅವನ ತಮ್ಮನೂ ಎರಡು ವರ್ಷದ ಹಿಂದೆ ಬಾಯಿಮಾತಿನಲ್ಲಿ ಜಮೀನು ಪಾಲು ಮಾಡಿಕೊಂಡಿದ್ದರಂತೆ. ಈಗ ಕಾಗದ ಬೇಕಂತೆ, ಆಗಿನ ತಾರೀಖಿನದೇ ಬೇಕಂತೆ. ಮಾವ ಸೋಮವಾರದಿಂದ ಅದನ್ನೇ ತಿದ್ದುತ್ತಿದ್ದರು.

"ತಾರೀಖು ಕೈಯಲ್ಲಿ ಬರುದ್ರೆ ನೂರು ಜನ ಅನುಮಾನ ಪಡ್ತಾರೆ," ಮಾವ ಪಾಠ ಹೇಳುವವರಂತೆ ಹೇಳಿದರು. "ಹಾಳೆ ಕೆಳಗೆ ಕಂಪ್ಯೂಟ್ರೇ ಹಾಕುದ್ರೆ ಒಬ್ಬನೂ ಕೇಳಲ್ಲ. ಅದು ಸುಳ್ಳು ಹೇಳಲ್ವಲ್ಲ."

"ಈಗಲೇ ಇವತ್ತಿನ ತಾರೀಖು ಹಾಕಿ."

"ತಡಿ, ನಾಕೇ ಹಾಳೆ. ಮಧ್ಯದಲ್ಲಿ ಮುಟ್ಟುದ್ರೆ ಎರಡು ಹಾಳೆ ಆವಾಗಿಂದು, ಎರಡು ಹಾಳೆ ಈವಾಗಿಂದು ಆಗ್ಬುಡ್ತದೆ. ಐದೇ ನಿಮಿಷ."

"ನಮ್ ತಮ್ಮ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾವ್ನೆ ಕಣವ್ವ," ಚಾಮಯ್ಯ ಅಂಗಲಾಚಿದ. "ಒತ್ತಾದ್ರೆ ಮನ್ಸು ಬದ್ಲಾಯಿಸ್ಬುಡ್ತಾನೆ. ಸಾಕ್ಷಿಗೂ ಒಬ್ರು ಕಮ್ಮಿ ಅವ್ರೆ. ಮೇಡಮ್ನೋರು ಒಂದು ಸೈನ್ ಆಕುದ್ರೆ ಬೇಗ ಓಯ್ತೀವಿ."

ಆಗ ನಾಲ್ಕೂಕಾಲು. ವಾದ ಮಾಡಿ ಅರ್ಧ ಗಂಟೆ ಕಳೆಯುವ ಬದಲು ಸಹಿ ಹಾಕಿ ಕಳಿಸುವುದೇ ವಾಸಿ ಅನ್ನಿಸಿತು. ಆಗಷ್ಟೇ ಹೊರಬಂದಿದ್ದ ಸಹಿಯ ಹಾಳೆಯ ಮೇಲೆ ಹಾಕಿದೆ. ಎರಡು ವರ್ಷದ ಹಿಂದೆ ಆ ದಿನ ನಾನು ಎಲ್ಲಿದ್ದೆನೋ ನನಗೆ ನೆನಪಿಲ್ಲ, ಕಾಗದದ ಪ್ರಕಾರ ಚಾಮಯ್ಯನ ಪಕ್ಕದಲ್ಲಿ ನಿಂತಿದ್ದೆ. ಶಾಲೆಯಲ್ಲಿ ವಾರಕ್ಕೊಂದು ನೀತಿಪಾಠದ ತರಗತಿಯೂ ನನ್ನದೇ.

ಪ್ರಿಂಟರ್ ಎರಡನೇ ಹಾಳೆಯನ್ನು ಅಗಿದು ಹಿಡಿದುಕೊಂಡಿತು. ಮಾವ ಮುಚ್ಚಳ ತೆಗೆದರು, ಊದಿದರು, ತಟ್ಟಿದರು, ಕಾಗದವನ್ನು ಚೂರು ಚೂರಾಗಿ ಹೊರಗೆಳೆದರು. ಐದು ನಿಮಿಷ ಎಂದದ್ದು ಮೂವತ್ತು ನಿಮಿಷವಾಗಿ ಬೆಳೆಯಿತು. ಚಾಮಯ್ಯ ಕಾಗದ ಹಿಡಿದು ಓಡಿದ. ಮಾವ ತಾರೀಖು ಸರಿಮಾಡಿದರು. ಸೈಟು ಅದೆಷ್ಟು ಮರ್ಯಾದೆಯಿಂದ ತೆರೆದುಕೊಂಡಿತೆಂದರೆ ನನಗೆ ಅದರ ಮೇಲೂ ಸಿಟ್ಟು ಬಂತು.

ಹೆಸರು, ವಿಳಾಸ, ಜಾತಿ, ಮೀಸಲಾತಿ, ಅಂಕಗಳು, ಫೋಟೋ, ಸಹಿ. ನನ್ನ ಬೆರಳು ಅಷ್ಟು ವೇಗವಾಗಿ ಓಡಿದ್ದು ಜೀವಮಾನದಲ್ಲಿ ಅದೇ ಮೊದಲು. ಕೊನೆಯ ಗುಂಡಿ ಒತ್ತಿದೆ. ಚಕ್ರವೊಂದು ಸುತ್ತಿತು, ಸುತ್ತಿತು. ಮೂಲೆಯ ಗಡಿಯಾರ ಐದು ಗಂಟೆ ಒಂದು ನಿಮಿಷ ಎಂದಿತು, ಈ ಸಲ ನಿಜವನ್ನೇ ಹೇಳಿತು. ಪರದೆಯ ಮೇಲೆ ಒಂದೇ ಸಾಲು ಬಂತು: ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.

ನನಗೆ ಅಳು ಬಂತು. ಮಾವನನ್ನು ಬಾಯಿಗೆ ಬಂದಂತೆ ಬಯ್ಯಬೇಕು ಅನ್ನಿಸಿತು. ಆದರೆ ಸಹಿ ಹಾಕಿದ ಕೈ ನನ್ನದು. ಸೆರಗಿನಿಂದ ಮುಖ ಒರೆಸಿಕೊಂಡೆ.

ಮಾವನ ಮುಖ ಬಿಳುಚಿಕೊಂಡಿತ್ತು. ನಾನು ಚಿಕ್ಕವಳಿದ್ದಾಗ ಬಿದ್ದು ಮಂಡಿ ಒಡೆದುಕೊಂಡರೆ ಹೀಗೇ ಆಗುತ್ತಿದ್ದರು. ಮೌಸನ್ನು ತಮ್ಮ ಕಡೆ ಎಳೆದುಕೊಂಡು ಮೂಲೆಯಲ್ಲಿ ಏನೋ ಒತ್ತಿದರು.

"ಅಳಬೇಡ ಕಣ್ ಮಗ," ಅಂದರು. "ಈಗ ಒತ್ತು. ತಾರೀಖು ನಿನ್ನೇದು ಮಾಡಿವ್ನಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಜನರನ್ನು ಹಿಂದಿನ ದಿನಗಳಿಗೆ ಕಳಿಸಿಕೊಟ್ಟವರು, ಸ್ವಂತ ಸೋದರಸೊಸೆಗೆ ಒಂದೇ ಒಂದು ದಿನ ಕೊಡಲಾರರೇ? ನಾನು ಬಿ.ಎಡ್. ಮಾಡಿದವಳು. ಹಾಗೆಲ್ಲ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಒತ್ತಿದೆ.

ಎರಡು ವರ್ಷದ ಸುಳ್ಳಿಗೆ ಅಷ್ಟು ಕೂಗಾಡಿದ್ದ ಕಂಪ್ಯೂಟರು ಒಂದು ದಿನದ ಸುಳ್ಳಿಗೆ ತುಟಿ ಬಿಚ್ಚಲಿಲ್ಲ. ಕೆಂಪು ತ್ರಿಕೋನ ಬರಲಿಲ್ಲ. ವಿಳಾಸದ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ ಇತ್ತು, ಸಂಪರ್ಕ ಸುರಕ್ಷಿತವಾಗಿತ್ತು, ಸರ್ಟಿಫಿಕೇಟಿಗೆ ಇನ್ನೂ ವಾಯಿದೆ ಇತ್ತು. ಅದರ ಕೆಳಗೆ, ನನ್ನ ಹೆಸರಿನ ಪಕ್ಕದಲ್ಲಿ, ಅವಧಿ ಮುಗಿದಿದೆ ಎಂದು ಇನ್ನೊಂದು ಸಲ ಬಂತು.