ಮೊದಲೇ ಅಚ್ಚಾದ ಬಸ್ಸು

ನಮ್ಮ ಶಾಸಕರಿಗೆ ಒಂದು ಚಟ. ಯಾವ ಜಯಂತಿ ಇರಲಿ, ಯಾವ ಪುಣ್ಯತಿಥಿ ಇರಲಿ, ಅವರು ವೇದಿಕೆ ಇಳಿಯುವುದರೊಳಗೆ ಆ ಕಾರ್ಯಕ್ರಮದ ವರದಿ ಜನರ ಕೈಯಲ್ಲಿರಬೇಕು. ಅದಕ್ಕಾಗಿ ‘ಜನಸೇವಾ ವಾರ್ತೆ’ ಎಂಬ ನಾಲ್ಕು ಪುಟದ ಪತ್ರಿಕೆಯನ್ನು ನಾನು ಮೊದಲೇ ಬರೆದು ಬಸವಕಲ್ಯಾಣದ ಖಮರುದ್ದೀನನ ಪ್ರೆಸ್ಸಿಗೆ ಕೊಡುತ್ತೇನೆ. ಸಾಹೇಬರು ಹಾರ ಹಾಕಿದರು, ಮಾರ್ಮಿಕವಾಗಿ ಮಾತನಾಡಿದರು, ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಮನೆಯಲ್ಲಿ ಇನ್ನೂ ದಾಡಿ ಮಾಡಿಕೊಳ್ಳುತ್ತಿರುವಾಗ ಇದೆಲ್ಲ ಆಗಿಹೋಗಿರುತ್ತದೆ.

ಮಾಸ್ತರಕಿಯಿಂದ ನಿವೃತ್ತನಾಗಿ ಸುಮ್ಮನೆ ಕೂಡಬೇಕೆಂದವನು ನಾನು. “ಮಹಾರುದ್ರಪ್ಪ ಮಾಸ್ತರ್ರ, ನಿಮ್ಮ ಭಾಷಾ ಛಲೋ ಅದ” ಅಂದರು ಸಾಹೇಬರು, ಬಿದ್ದೆ. ನನ್ನ ಭಾಷೆಗೆ ಬೆಂಕಿ ಹತ್ತಲಿ.

2003ರ ಸೆಪ್ಟೆಂಬರ್ ಹದಿನೇಳು, ವಿಮೋಚನಾ ದಿನದ ಸಂಚಿಕೆ. ಧ್ವಜಾರೋಹಣದ ಸುದ್ದಿ, ಶಾಲೆಗಳ ಬಿಸಿಯೂಟದ ಸುದ್ದಿ, ಮೂರನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಮುಡಬಿ–ಹುಮನಾಬಾದ್ ಬೆಳಗಿನ ಬಸ್ಸಿಗೆ ಶಾಸಕರಿಂದ ಚಾಲನೆ: ಇಂದಿನಿಂದ ಪ್ರತಿದಿನ’. ಆ ದಿನ ಏನಾಯಿತು? ಬಸವಕಲ್ಯಾಣದಲ್ಲಿ ಹಾರ ಹಾಕುವುದರಲ್ಲೇ ಮಧ್ಯಾಹ್ನವಾಯಿತು. ಮಳೆ ಬಂತು. ಬಸ್ಸಿನ ಮಂಜೂರಿಯೇ ಇನ್ನೂ ಆಗಿರಲಿಲ್ಲ. ಸಾಹೇಬರು ಮುಡಬಿಗೆ ಹೋಗಲೇ ಇಲ್ಲ. ವಾರ್ತೆ ಮಾತ್ರ ಜೀಪಿನಲ್ಲಿ ಕೂತು ಸರಿಯಾದ ಹೊತ್ತಿಗೆ ಹೋಗಿ ಮುಟ್ಟಿತು.

ಮುಂದಿನ ವಾರ ಮುಡಬಿಯ ಸುಮನಬಾಯಿ ಆಫೀಸಿಗೆ ಬಂದಳು. ಕೂಲಿ ಮಾಡುವ ಹೆಂಗಸು, ಕೈಯಲ್ಲಿ ಮಡಚಿದ ವಾರ್ತೆ.

“ಮಾಸ್ತರ್ರ, ಬಸ್ ಯಾ ಕಡಿಂದ ಬರ್ತದ್ರಿ? ನಾ ಮಗಳನ ಕರ್ಕೊಂಡು ದಿನಾ ಹೋಗಿ ನಿಂದ್ರಾಕತ್ತೇನಿ.”

ಅವಳ ಮಗಳು ರತ್ನಮಾಲಾ ಹುಮನಾಬಾದಿನಲ್ಲಿ ಬಿ.ಎ. ಮೊದಲ ವರ್ಷ. ಬೆಳಗಿನ ಕಾಲೇಜು. ಅಷ್ಟೊತ್ತಿಗೆ ಸಿಗುವುದು ಟಂಟಂ ಆಟೊ ಒಂದೇ, ಅದೂ ಗಂಡಸರ ನಡುವೆ ಹಿಂದೆ ಜೋತುಬಿದ್ದು. ಒಮ್ಮೆ ಹುಡುಗಿ ಬಿದ್ದು ಮೊಣಕೈ ಒಡೆದುಕೊಂಡಿದ್ದಳು. ಅವತ್ತೇ ಅಪ್ಪ ಮಚ್ಚೇಂದ್ರ ಹೇಳಿಬಿಟ್ಟಿದ್ದ: ದೀಪಾವಳಿಯೊಳಗೆ ಬಸ್ಸು ಬಂದರೆ ಕಾಲೇಜು, ಇಲ್ಲದಿದ್ದರೆ ನಿರ್ಣಾ ಊರಿನ ವರ ತಯಾರಿದ್ದಾನೆ.

“ಅವರಪ್ಪಗ ಇದನ್ನ ಓದಿ ತೋರಿಸೀನ್ರಿ. ಶಾಸಕರ ಪತ್ರಿಕ್ಯಾಗ ಬಂದದ, ಸುಳ್ಳು ಇರ್ತದೇನು ಅಂದೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಇಷ್ಟು ವರ್ಷದಲ್ಲಿ ಆ ಹಾಳೆಯನ್ನು ಭಜಿ ಕಟ್ಟುವುದಕ್ಕೆ ಬಿಟ್ಟು ಬೇರೆ ಯಾತಕ್ಕೂ ಬಳಸಿದವರನ್ನು ನಾನು ಕಂಡಿರಲಿಲ್ಲ. ನಂಬಿದವಳು ಇವಳೊಬ್ಬಳು.

ಸಾಹೇಬರು ಸಂಜೆ ಸಿಕ್ಕರು. ಎರಡು ದಿನಕರ್ಮ, ಒಂದು ತೊಟ್ಟಿಲು, ಒಂದು ಅಂಗಡಿ ಉದ್ಘಾಟನೆ ಮುಗಿಸಿ ದಿವಾನದ ಮೇಲೆ ಕಾಲು ಚಾಚಿ ಬಿದ್ದಿದ್ದರು. ಅವರ ಮುಖ ನೋಡಿದರೂ ಪಾಪ ಅನಿಸುತ್ತಿತ್ತು.

“ಸಾಹೇಬ್ರ, ಮುಡಬಿ ಬಸ್ ಇನ್ನಾ ಚಾಲೂ ಆಗಿಲ್ರಿ.”

“ಆಗೇದ ಅಂತ ಛಾಪಿಸೀವಲ್ರಿ?”

“ಛಾಪಿಸೀವ್ರಿ. ಬಸ್ ಬಂದಿಲ್ಲ. ಒಂದು ಹುಡುಗಿ ಕಾಲೇಜು ನಿಂದ್ರತದ. ನೀವು ಒಂದ್ ಮಾತು ಹೇಳಿದ್ರ ಕೊಡ್ತಾರ.”

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಈಗ ನಾ ಹೋಗಿ ಬಸ್ ಕೊಡ್ರಿ ಅಂದ್ರ, ಮೊದ್ಲ ಚಾಲೂ ಮಾಡಿದ್ದು ಯಾವ್ದಿತ್ತು ಅಂತ ವಿರೋಧಿಗೋಳು ಕೇಳ್ತಾರ. ಚುನಾವಣಿ ಬಂದದ. ಅದು ಮುಗೀಲಿ, ಎರಡು ಬಸ್ ಬಿಡಸ್ತೀನಿ.”

“ಹುಡುಗಿ ಅಲ್ಲೀತನಾ ನಿಂದ್ರೂದಿಲ್ರಿ.”

“ಮಾಸ್ತರ್ರ, ದಣದೀನಿ. ಹೋಗ್ರಿ.”

ನಾನೇ ಬಸ್ ಡಿಪೊಗೆ ಹೋದೆ. ಶಾಸಕರ ಪತ್ರ ತನ್ನಿ ಅಂದರು, ತಪ್ಪೇನಿಲ್ಲ. ಮತ್ತೆ ಸಾಹೇಬರ ಹತ್ತಿರ ಹೋದೆ. ಈ ಸಲ ಅವರು ಎದ್ದು ಒಳಗೇ ಹೋದರು. ದೀಪಾವಳಿ ಬಂತು, ಹೋಯಿತು.

ಡಿಸೆಂಬರ್ ಆರರ ಪರಿನಿರ್ವಾಣ ದಿನದ ಸಂಚಿಕೆ ಬರೆಯುತ್ತಿದ್ದೆ. ಸುಮನಬಾಯಿ ಮತ್ತೆ ಬಂದಳು. ಕೈಯಲ್ಲಿ ಲಗ್ನಪತ್ರಿಕೆ. ಪರಿನಿರ್ವಾಣ ದಿನ ಕಳೆದ ಮೇಲಿನ ಭಾನುವಾರ ಲಗ್ನ.

“ಸಾಹೇಬ್ರು ಬರ್ತೀನಿ ಅಂದಾರ” ಎಂದಳು. ನಾನು ಹೂಂ ಅಂದೆ. ಸಾಹೇಬರು ಹೋಗುವ ಲಗ್ನಗಳೂ ಕೊನೆಯ ಪುಟದಲ್ಲಿ ಅಚ್ಚಾಗುತ್ತವೆ, ಅವೂ ಮೊದಲೇ.

ಅವಳು ಹೋಗದೆ ನಿಂತೇ ಇದ್ದಳು. “ಮಾಸ್ತರ್ರ, ನಿಮ್ ಪತ್ರಿಕ್ಯಾಗ ಛಾಪಿಸಿದ್ದು ಏನೂ ಆಗೂದಿಲ್ಲಲ್ರಿ?”

ನಾನು ಲಗ್ನಪತ್ರಿಕೆ ಬಿಚ್ಚಿ ತಾರೀಖು ನೋಡಿದೆ.

“ಹಂಗಿದ್ರ ಇದನ್ನೂ ಛಾಪಿಸ್ರಿ. ರತ್ನಮಾಲಾನ ಲಗ್ನ ಧೂಮ್‌ಧಾಮ್ ಆತು ಅಂತ ಬರೀರಿ. ನನ್ನ ಮುಂದೇ ಬರೀರಿ.”

ಅವಳು ನಗುತ್ತಿರಲಿಲ್ಲ. ಅವಳ ಎದುರಿಗೇ ಬರೆದೆ: ‘ಮುಡಬಿಯಲ್ಲಿ ಚಿ. ಸೌ. ರತ್ನಮಾಲಾ ವಿವಾಹ ವಿಜೃಂಭಣೆಯಿಂದ ನೆರವೇರಿತು. ಮಾನ್ಯ ಶಾಸಕರು ಉಪಸ್ಥಿತರಿದ್ದು ವಧೂವರರನ್ನು ಹರಸಿದರು.’ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟೆ. ಯಾವ ಮುದುಕನೂ ಅಷ್ಟು ಹುಚ್ಚನಾಗಬಾರದು, ಆದರೆ ಆ ಸಲ ಪ್ರೂಫು ತಿದ್ದುವಾಗ, ಅಚ್ಚಾದರೆ ಲಗ್ನ ತಪ್ಪೀತೆಂದು ನಾನೂ ಒಂದಿಷ್ಟು ನಂಬಿದ್ದೆ.

ಲಗ್ನದ ದಿನ ಮುಡಬಿಗೆ ಹೋದೆ. ಎಲ್ಲಿಗೂ ವೇಳೆಗೆ ಬಾರದ ಸಾಹೇಬರು ವರನಿಗಿಂತ ಮೊದಲೇ ಬಂದು ಕೂತಿದ್ದರು. ಹುಡುಗಿ ಬೌದ್ಧರ ಪದ್ಧತಿಯಂತೆ ಬಿಳಿ ಸೀರೆ ಉಟ್ಟು ತಲೆ ತಗ್ಗಿಸಿ ನಿಂತಿದ್ದಳು. ಮಚ್ಚೇಂದ್ರ ಎಲ್ಲರಿಗೂ ಕೈ ಮುಗಿಯುತ್ತ ತಿರುಗುತ್ತಿದ್ದ. ತ್ರಿಶರಣ ಹೇಳಿದರು, ಹೂ ಬಿತ್ತು, ಊಟವಾಯಿತು. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಸುಮನಬಾಯಿ ನನಗೆ ಊಟಕ್ಕೆ ಬಡಿಸಿ ಮುಂದಿನ ಎಲೆಗೆ ಹೋದಳು.

ನಿರ್ಣಾದವರು ದಿಬ್ಬಣಕ್ಕೆ ಬಾಡಿಗೆ ಬಸ್ಸು ಮಾಡಿಕೊಂಡು ಬಂದಿದ್ದರು. ತಾಯಿ ಮಗಳು ಕಾದು ನಿಂತಿದ್ದ ಜಾಗದಲ್ಲೇ ಅದು ಬೆಳಿಗ್ಗೆಯಿಂದ ನಿಂತಿತ್ತು. ಸಂಜೆ ರತ್ನಮಾಲಾಳನ್ನು ಹತ್ತಿಸಿದರು. ಸಾಹೇಬರು ಮುಂದೆ ಬಂದು ಕೈ ಬೀಸಿದರು, ಫೋಟೊ ತೆಗೆದರು, ಬಸ್ಸು ಹೊರಟಿತು.