ಕೂರುವವರ ಗುಂಪು

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎಲ್ಲರೂ ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ಗಣಿತದ ಎಂಎಸ್ಸಿ ವಿದ್ಯಾರ್ಥಿನಿ. ಹಲ್ಲುಜ್ಜುವಾಗಲೂ ಮಾತು ನಿಲ್ಲಿಸದವಳು. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ಮಾತು ಬತ್ತಿಹೋಯಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಕ್ಲಾಸಿನಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

ಅದೇ ಕೋಣೆಯಲ್ಲಿದ್ದ ಅಕ್ಕ, ಒಡಹುಟ್ಟಿದವಳಲ್ಲ, ಹಾಸ್ಟೆಲಿನ ಅಕ್ಕ, ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಸಂಶೋಧನೆಯೂ ಇಂಥವರ ಬಗ್ಗೆಯೇ. ಸಣ್ಣ ಮಟ್ಟದ ಖಿನ್ನತೆಯಿರುವ ವಿದ್ಯಾರ್ಥಿಗಳು ದಿನಾ ಓಡಿದರೆ ಮನಸ್ಸು ಹಗುರಾಗುತ್ತದೆಯೇ, ಬುದ್ಧಿ ಚುರುಕಾಗುತ್ತದೆಯೇ? ಅರ್ಧ ಜನ ಮೈದಾನದಲ್ಲಿ ಓಡಬೇಕು, ಉಳಿದವರು ಅಷ್ಟೇ ಹೊತ್ತು ವಾಚನಾಲಯದಲ್ಲಿ ಕೂತಿರಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ.

"ನೀನೂ ಸೇರ್ಕೊಳ್ಳೇ," ಎಂದು ಅಕ್ಕ ದುಂಬಾಲು ಬಿದ್ದಳು. ಚಿನಕುರುಳಿ ಹೂಂ ಎಂದಳು. ಚೀಟಿ ಎತ್ತಿದಾಗ ಕೂರುವವರ ಗುಂಪಿಗೆ ಬಿದ್ದಳು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳೇ ಬಾಯಿಬಿಟ್ಟಳು.

"ಅಕ್ಕಾ, ಕಿಟಕಿಯಿಂದ ಅವರನ್ನ ನೋಡ್ತಾ ಇದ್ರೆ ನಂಗೂ ಓಡ್ಬೇಕು ಅನ್ಸುತ್ತೆ. ನಾಳೆ ಹೋಗ್ಲಾ?"

ಅವಳು ಏನನ್ನಾದರೂ ಬೇಕು ಎಂದು ಎಷ್ಟು ಕಾಲವಾಗಿತ್ತೋ! ಅಕ್ಕ ಏದುಸಿರು ಬಿಡುತ್ತ ತನ್ನ ಗೈಡ್ ಬಳಿಗೆ ಹೋದಳು.

ಗೈಡ್ ಕೆಟ್ಟವರೇನಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೋಡಮ್ಮಾ, ಮನಸ್ಸು ಬಂದೋರನ್ನೆಲ್ಲ ಆ ಕಡೆ ಹಾಕಿದ್ರೆ, ವಾಸಿಯಾಗಿದ್ದು ಓಟದಿಂದಾನೋ ಮನಸ್ಸಿಂದಾನೋ ಹೇಗೆ ಹೇಳ್ತೀಯ? ಬೇಕಾದ್ರೆ ಅವಳು ಬಿಟ್ಟುಹೋಗಬಹುದು, ಯಾರೂ ಕಟ್ಟಿಹಾಕಿಲ್ಲ. ಆದ್ರೆ ಆ ಗುಂಪಲ್ಲಿ ಆಗ್ಲೇ ಎಷ್ಟೋ ಜನ ಬಿಟ್ಟಿದಾರೆ. ಇನ್ನೊಬ್ಬಳು ಹೋದ್ರೆ ನಿನ್ನ ಕೆಲಸ ಮಣ್ಣುಪಾಲು. ಸಣ್ಣ ಮಟ್ಟದ್ದು ತಾನೆ? ಮುಗಿದ ಮೇಲೆ ಓಡ್ಲಿ."

ಅಕ್ಕ ಕೋಣೆಗೆ ಬಂದು ಚಿನಕುರುಳಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. "ಬಿಡೋದಾದ್ರೆ ಬಿಡೇ. ನಾನೇನೂ ಅಂದ್ಕೊಳ್ಳಲ್ಲ."

"ಬೇಡ ಬಿಡಕ್ಕ. ನಿನ್ ಕೆಲಸ ಹಾಳಾಗುತ್ತೆ." ಚಿನಕುರುಳಿ ಗೋಡೆಯತ್ತ ಹೊರಳಿದಳು.

ಕೊನೆಯ ಪರೀಕ್ಷೆಗೆ ಓಡಿದವರು ನಗುತ್ತ ಬಂದರು, ಪಟಪಟನೆ ಉತ್ತರ ಹೇಳಿದರು. ಚಿನಕುರುಳಿಯ ಮುಂದಿಟ್ಟ ಕಾರ್ಡಿನಲ್ಲಿ 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆಯಲಾಗಿತ್ತು. ಪದವನ್ನು ಓದದೆ ಶಾಯಿಯ ಬಣ್ಣ ಹೇಳಬೇಕು. ಅವಳು ನೋಡುತ್ತಲೇ ಕೂತಳು.

"ಗೊತ್ತಕ್ಕ... ಬಾಯಿಗೆ ಬರ್ತಿಲ್ಲ."

ಹೇಳಿಕೊಡುವಂತಿರಲಿಲ್ಲ. ಅಕ್ಕ ಸ್ಟಾಪ್‌ವಾಚ್ ಹಿಡಿದು ತಲೆ ತಗ್ಗಿಸಿದಳು.

ಮರುದಿನ ಬೆಳಿಗ್ಗೆ ಎಬ್ಬಿಸಿದಳು. "ಏಳೇ, ಇನ್ನು ಯಾರ ಅಡ್ಡೀನೂ ಇಲ್ಲ. ನಾನೂ ಓಡ್ತೀನಿ." ಚಿನಕುರುಳಿ ಎದ್ದು ಒಂದು ಕಾಲಿಗೆ ಶೂ ಹಾಕಿಕೊಂಡು ಹಾಗೇ ಕೂತಳು.

"ಆವಾಗ ಆಸೆ ಇತ್ತಕ್ಕ. ಈಗ ಹುಡುಕಿದ್ರೂ ಸಿಗ್ತಿಲ್ಲ."

ಇನ್ನೊಂದು ಶೂ ಅಕ್ಕನೇ ತೊಡಿಸಿ, ತೋಳು ಹಿಡಿದು ಹೊರಡಿಸಿದಳು. ಅರ್ಧ ಮೆಟ್ಟಿಲಿಳಿದು ಅವಳು ಅಲ್ಲೇ ಕುಸಿದು ಕೂತಳು. ಅಕ್ಕ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಗುಣವಾಗಲು ಸಮಯ ಹಿಡಿಯುತ್ತದೆ ಎಂದರು. ಇದು ಈಗ ಸಣ್ಣ ಮಟ್ಟದ್ದಲ್ಲ ಎಂದೂ ಸೇರಿಸಿದರು.

ಚಿನಕುರುಳಿಯನ್ನು ಊರಿಗೆ ಕರೆದೊಯ್ಯಲು ತಾಯಿ ಬಂದರು. ಮಗಳ ಬಟ್ಟೆ ಮಡಿಸುತ್ತ ಅಕ್ಕನನ್ನು ಕೇಳಿದರು. "ನೀನು ಇದನ್ನೇ ಓದಿದೀಯಂತಲ್ಲಮ್ಮ. ಏನ್ ಮಾಡ್ಲಿ ಹೇಳು."

"ಮಾತ್ರೆ ತಪ್ಪಿಸ್ಬೇಡಿ ಅಮ್ಮ. ದಿನಾ ಸ್ವಲ್ಪ ನಡೆಸಿ. ಓಡಿದೋರಿಗೆಲ್ಲ ಒಳ್ಳೇದಾಗಿದೆ."

"ಬಾಗಿಲ ತನಕ ಬಾ ಅಂದ್ರೇನೇ ಬರಲ್ಲ ಅಂತಾಳೆ. ಹೇಗೆ ನಡೆಸ್ಲಿ?"

ಅಕ್ಕ ಸೂಟ್‌ಕೇಸ್ ಎತ್ತಿಕೊಂಡು ಮುಂದಾಗಿ ಕೆಳಗಿಳಿದಳು.