ಮೂಕರ್ಜಿಯ ಪಾಲು

ಅಗ್ರಹಾರದ ಆ ಮನೆಗೆ ನಡುಗೋಡೆ ಎದ್ದು ಹನ್ನೆರಡು ವರ್ಷವಾಗಿದ್ದರೂ ಮಂಜುಳಮ್ಮನ ಹೊಟ್ಟೆಯುರಿ ಮಾತ್ರ ಆರಿರಲಿಲ್ಲ. ಮನೆ ಭಾಗವಾದ ದಿನ ಅತ್ತೆ ದೇವರನ್ನೂ ಭಾಗ ಮಾಡಿದ್ದರು. ಮೊಳದುದ್ದದ ಕಂಚಿನ ವೀರಭದ್ರ ಹಿರಿ ಸೊಸೆ ಪುಟ್ಟಲಿಂಗಮ್ಮನಿಗೆ, ಅಂಗೈಯಷ್ಟು ನಂದಿ ಕಿರಿ ಸೊಸೆ ಮಂಜುಳಮ್ಮನಿಗೆ. ಎರಡೂ ಮುತ್ತಾತನಿಗಿಂತ ಹಳೆಯವು. ಆದರೆ ಸೋಮವಾರ ಬಂತೆಂದರೆ ಬೀದಿಯವರೆಲ್ಲ ಹೂ ಹಿಡಿದು ಹೋಗುತ್ತಿದ್ದದ್ದು ಗೋಡೆಯ ಆ ಕಡೆಗೆ. ಈ ಕಡೆ ಮಂಜುಳಮ್ಮ ಓರಗಿತ್ತಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತ ಕುದಿಯುತ್ತಿದ್ದಳು. ನಂದಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಗುವಿಗೆ ಎರೆದ ಹಾಗೆ ನೀರೆರೆಯುತ್ತಿದ್ದಳು. ಎರೆಯುವಾಗಲೂ ಕಿವಿ ಮಾತ್ರ ಪಕ್ಕದ ಮನೆಯ ಗಂಟೆಯ ಕಡೆಗೇ.

೧೯೯೩ರಲ್ಲಿ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ನೂರು ವರ್ಷ ದಾಟಿದ ವಿಗ್ರಹ ಮನೆಯಲ್ಲಿದ್ದರೆ ಸರ್ಕಾರದಲ್ಲಿ ನೋಂದಾಯಿಸಬೇಕು, ತಪ್ಪಿದರೆ ಅಪರಾಧ. ಗಂಡ ಏಕಾಂತಯ್ಯ ಅದನ್ನು ಓದಿ, "ನಮ್ ನಂದೀನೂ ಬರೆಸಿಬುಡಣ ಕಣೇ," ಎಂದ.

"ಬರೆಸಿದ್ರೆ ಸರ್ಕಾರದೋರು ಎತ್ಕೊಂಡು ಹೋಗ್ತಾರೆ. ಸುಮ್ನಿರಿ," ಎಂದು ಅವನ ಬಾಯಿ ಮುಚ್ಚಿಸಿದಳು.

ಎತ್ಕೊಂಡು ಹೋಗ್ತಾರೆ! ಆ ಮಾತು ಅವಳ ಬಾಯಲ್ಲೇ ಸಿಹಿಯಾಯಿತು. ಗಂಡ ಕೆಲಸಕ್ಕೆ ಹೋದ ಮೇಲೆ ಎಡಗೈಯಲ್ಲಿ ಪೆನ್ನು ಹಿಡಿದು, ಅಕ್ಷರ ಸೊಟ್ಟಗೆ ಮಾಡಿ, ಹೆಸರಿಲ್ಲದ ಒಂದು ಮೂಕರ್ಜಿ ಬರೆದಳು. 'ಅಗ್ರಹಾರದ ಲಿಂಗಯ್ಯ ಮತ್ತು ಅವರ ಹೆಂಡತಿ ಪುಟ್ಟಲಿಂಗಮ್ಮ ಪುರಾತನ ವೀರಭದ್ರನನ್ನು ಬಚ್ಚಿಟ್ಟಿದ್ದಾರೆ.' ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದ ದಿನ ಮನೆಯಲ್ಲಿ ಪಾಯಸ. ಯಾವ ಹಬ್ಬವೆಂದು ಏಕಾಂತಯ್ಯನಿಗೆ ತಿಳಿಯಲಿಲ್ಲ.

ಹದಿನೈದು ದಿನಕ್ಕೆ ನೋಂದಣಿ ಅಧಿಕಾರಿ ಸುಂದರೇಶ ಫೋಟೊದವನನ್ನು ಕರೆದುಕೊಂಡು ಪಕ್ಕದ ಮನೆಗೆ ಬಂದರು. ಮಂಜುಳಮ್ಮ ಕಿಟಕಿಗೆ ಕಿವಿಯಿಟ್ಟಳು.

"ಯಾರೋ ಮೂಕರ್ಜಿ ಹಾಕವ್ರೆ ತಾಯಿ. ಅಳಬೇಡಿ, ದೇವರು ನಿಮ್ಮನೇಲೇ ಇರ್ತಾನೆ," ಎನ್ನುತ್ತಿದ್ದರು ಅವರು. "ಬ್ರಿಟಿಷರ ಕಾಲದಲ್ಲಿ ಮೊದಲು ನೆಲದಡಿ ಸಿಕ್ಕಿದ ನಿಧಿಗೆ ಕಾಯ್ದೆ ಬಂತು, ಆಮೇಲೆ ಹಳೇ ಗುಡಿಗಳಿಗೆ ಬಂತು. ಆದ್ರೂ ವಿಗ್ರಹ ಕದ್ದು ಹೊರದೇಶಕ್ಕೆ ಮಾರೋದು ನಿಲ್ಲಲಿಲ್ಲ. ಕಳ್ಳ ಸಿಕ್ಕಿದ್ರೂ ಮಾಲು ಯಾರ್ದು ಅನ್ನೋಕೆ ಗುರುತು ಬೇಕಲ್ಲ? ಅದಕ್ಕೇ ಎಪ್ಪತ್ತೆರಡರ ಕಾಯ್ದೇಲಿ ಮನೆ ದೇವರನ್ನೂ ಬರೆಸಿ ಅಂದಿದ್ದು."

ವೀರಭದ್ರನನ್ನು ಅಂಗಳಕ್ಕೆ ತಂದು ಹಿಂದೆ ಮುಂದೆ ಫೋಟೊ ತೆಗೆದರು. ಬೀದಿಗೆ ಬೀದಿಯೇ ನೆರೆಯಿತು. ಕಿತ್ತುಕೊಂಡು ಹೋಗಬೇಕಾದವರು ಕೈಮುಗಿದು ವಿಭೂತಿ ಇಟ್ಟುಕೊಂಡರು! ಮಂಜುಳಮ್ಮನಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಅಷ್ಟು ಸಾಲದೆಂಬಂತೆ ಪುಟ್ಟಲಿಂಗಮ್ಮನ ದನಿ ಕೇಳಿಸಿತು: "ಪಕ್ಕದಲ್ಲಿ ನಮ್ ಮಂಜುಳನ ಹತ್ರಾನೂ ಒಂದು ನಂದಿ ಇದೆ ಸ್ವಾಮಿ. ಅದನ್ನೂ ಬರ್ಕೊಂಡ್ಬುಡಿ."

ಇವಳ ಶಿಫಾರಸಿನ ಮೇಲೆ ನನ್ನ ದೇವರಿಗೆ ಫೋಟೊ? ಅದೂ ಆ ವೀರಭದ್ರನನ್ನು ಕಣ್ತುಂಬ ನೋಡಿದ ಜನರ ಮುಂದೆ, ಈ ಅಂಗೈಯಷ್ಟು ನಂದಿ? ಮಂಜುಳಮ್ಮ ಓಡಿಹೋಗಿ ನಂದಿಯನ್ನು ರಾಗಿ ಡಬ್ಬದೊಳಗೆ ಹೂತು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಾಗಿಲು ತೆಗೆದಳು.

"ನಮ್ಮನೇಲಿ ಅಂಥದ್ದೇನೂ ಇಲ್ಲ ಸ್ವಾಮಿ. ಅಕ್ಕಂಗೆ ಮರೆವು."

ಸುಂದರೇಶ ಅದನ್ನು ಹಾಗೆಯೇ ಬರೆದುಕೊಂಡು ಹಾಳೆ ಮುಂದೆ ಹಿಡಿದರು. ಈ ಸಲ ಬಲಗೈಯಲ್ಲೇ, ಚೆಂದದ ಅಕ್ಷರದಲ್ಲಿ ರುಜು ಹಾಕಿದಳು. ತಿಂಗಳಾದ ಮೇಲೆ ಪುಟ್ಟಲಿಂಗಮ್ಮನ ನಡುಮನೆಯಲ್ಲಿ ಫೋಟೊ ಅಂಟಿಸಿದ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆ ಏರಿತು. ಮಂಜುಳಮ್ಮ ಎಂಟು ವರ್ಷ ಆ ಗೋಡೆಯ ಕಡೆ ಕಣ್ಣೆತ್ತಿ ನೋಡಲಿಲ್ಲ.

೨೦೦೧ರಲ್ಲಿ ಎರಡೂ ಮನೆಯವರು ನಂಜನಗೂಡಿಗೆ ಮದುವೆಗೆ ಹೋಗಿದ್ದಾಗ ಕಳ್ಳರು ಎರಡೂ ಪೂಜೆಮನೆ ಬಳಿದುಕೊಂಡು ಹೋದರು. ಮೂರು ತಿಂಗಳಿಗೆ ಲಾರಿಯೊಂದರಲ್ಲಿ ಮಾಲು ಸಿಕ್ಕಿತು. ಸ್ಟೇಷನ್ನಿನ ಮೇಜಿನ ಮೇಲೆ ವೀರಭದ್ರನ ಪಕ್ಕದಲ್ಲೇ ತನ್ನ ನಂದಿಯನ್ನು ಕಂಡಾಗ ಮಂಜುಳಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಇನ್ಸ್‌ಪೆಕ್ಟರು ಸರ್ಟಿಫಿಕೇಟಿನ ಫೋಟೊ ಹಿಡಿದು ವೀರಭದ್ರನನ್ನು ಹೋಲಿಸಿ ನೋಡಿ, ಇದು ಇವರದೇ ಎಂದು ಬರೆದರು. ನಂದಿಯ ಸರದಿ ಬಂದಾಗ ಇಲಾಖೆಯಿಂದ ತರಿಸಿದ ಕಡತ ತೆರೆದು ಓದಿದರು: "ಮಂಜುಳಮ್ಮ ಕೋಂ ಏಕಾಂತಯ್ಯ. ಈ ಮನೆಯಲ್ಲಿ ಹಳೆಯ ವಿಗ್ರಹ ಯಾವುದೂ ಇಲ್ಲ. ರುಜು ನಿಮ್ಮದೇನಮ್ಮ?"

ರುಜು ಅವಳದೇ.

"ಅಯ್ಯೋ, ಅದು ಇವಳದೇ ಸ್ವಾಮಿ, ನಮ್ಮತ್ತೆ ಕೊಟ್ಟಿದ್ದು!" ಎಂದು ಪುಟ್ಟಲಿಂಗಮ್ಮ ಗೋಗರೆದಳು. ಬಾಯಿಮಾತಿಗೆ ಬೆಲೆ ಸಿಗಲಿಲ್ಲ. ಕೋರ್ಟು ಒಂದು ವರ್ಷ ಎಳೆದು, ವಾರಸುದಾರರಿಲ್ಲದ ಸ್ವತ್ತೆಂದು ನಂದಿಯನ್ನು ಸರ್ಕಾರದ ವಸ್ತುಸಂಗ್ರಹಾಲಯಕ್ಕೆ ಕಳಿಸಿತು. ಎತ್ಕೊಂಡು ಹೋದರು.

ಆಮೇಲಿನ ಸೋಮವಾರ ಪುಟ್ಟಲಿಂಗಮ್ಮ ಎರಡು ದೊನ್ನೆ ಸಜ್ಜಿಗೆ ಹಿಡಿದು ಬಂದಳು. ಮಂಜುಳಮ್ಮನ ಪೂಜೆಮನೆಯ ಖಾಲಿ ಪೀಠ ನೋಡಿ ಅವಳ ಕಣ್ಣಲ್ಲಿ ನೀರಾಡಿತು.

"ಇದು ನಿಂದು," ಎಂದು ಒಂದು ದೊನ್ನೆ ಕೊಟ್ಟಳು. "ಇನ್ನೊಂದು ಆ ಮೂಕರ್ಜಿ ಬರೆದೋರ ಪಾಲು. ಅವತ್ತು ಬೈಕೊಂಡಿದ್ದೆ ಕಣಮ್ಮ, ತಪ್ಪಾಯ್ತು. ಆ ಪುಣ್ಯಾತ್ಮರು ಬರೀದಿದ್ರೆ ನಮ್ ವೀರಭದ್ರ ವಾಪಸ್ ಬರ್ತಿದ್ನಾ? ಯಾರೋ, ಎಲ್ಲವ್ರೋ. ಅವರ ಹೆಸರಲ್ಲಿ ಪ್ರತಿ ಸೋಮವಾರ ಒಂದು ಪಾಲು ಎತ್ತಿಡ್ತೀನಿ. ಅದನ್ನೂ ನೀನೇ ತಿಂದ್ಬುಡು."

ತಿನ್ನುವವರೆಗೂ ಅವಳು ಅಲ್ಲೇ ನಿಂತಿದ್ದಳು. ಮಂಜುಳಮ್ಮ ತಿಂದಳು.